ಕುರಿ ಡಾಕ್ಟ್ರ ಕೈಗೆ ಸಿಕ್ಕ ಮೀನು

ಯಾರಾದರೂ ನಮ್ಮನ್ನು ಇದ್ದದ್ದಕ್ಕಿಂತ ಒಂದು ಮೆಟ್ಟಿಲು ಮೇಲಿಟ್ಟು ಕರೆದರೆ ತಿದ್ದಲು ನಾಲಿಗೆ ಏಳುವುದಿಲ್ಲ. ಒಂದು ಮೆಟ್ಟಿಲು ಕೆಳಗಿಟ್ಟರೆ ಮಾತ್ರ ಅಲ್ಲೇ ನಿಲ್ಲಿಸಿ ತಿದ್ದುತ್ತೇವೆ. ಇದು ಮನುಷ್ಯರೆಲ್ಲರ ದೌರ್ಬಲ್ಯ ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ಇವತ್ತು ನಿಜ ಹೇಳೋಣವೆಂದೇ ಕೂತಿದ್ದೇನೆ. ಹಿರಿಯೂರು ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಜನ ನನ್ನನ್ನು ‘ಡಾಕ್ಟ್ರೇ’ ಎಂದು ಕರೆದರು. ನಾನು ಮೂವತ್ತೊಂದು ವರ್ಷವೂ ‘ಏನಪ್ಪ’ ಎಂದು ಓಗೊಟ್ಟೆ. ನಾನು ಡಾಕ್ಟರಲ್ಲ. ಪಶುವೈದ್ಯ ಇಲಾಖೆಯಲ್ಲಿ ಪರಿವೀಕ್ಷಕನಾಗಿದ್ದವನು. ಮೋಟರ್‌ಬೈಕಿನ ಹಿಂದೆ ಲಸಿಕೆಯ ಐಸ್ ಡಬ್ಬ ಕಟ್ಟಿಕೊಂಡು ಯಲ್ಲದಕೆರೆ ಕಡೆಯ ಕುರಿರೊಪ್ಪಗಳಿಗೆ ಹೋಗುವುದು, ಒಂದೊಂದೇ ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದು ಸೂಜಿ ಚುಚ್ಚುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಇದಿಷ್ಟೇ ನನ್ನ ವೈದ್ಯಕೀಯ. ನಿಜವಾದ ಡಾಕ್ಟರು ಬಂದ ದಿನ ಮಾತ್ರ ಜನ ಅವರನ್ನು ‘ದೊಡ್ಡ ಡಾಕ್ಟ್ರು’ ಎನ್ನುತ್ತಿದ್ದರು. ಹಾಗಾಗಿ ನನ್ನ ಪದವಿಗೆ ಆಗಲೂ ಕುಂದು ಬರಲಿಲ್ಲ.

ನಿವೃತ್ತನಾದ ಮೇಲೆ ಈ ಚಟ ಬಿಡಬೇಕಿತ್ತು, ಬಿಡಲಿಲ್ಲ. ನನ್ನ ಹೆಂಡತಿ ಗಿರಿಜ ಮಾತ್ರ ಒಂದು ದಿನವೂ ನನ್ನನ್ನು ಡಾಕ್ಟರೆಂದು ಒಪ್ಪಿದವಳಲ್ಲ. ಅವಳಿಗೆ ನೆಗಡಿಯಾದಾಗ ನಾನು ಏನಾದರೂ ಹೇಳಲು ಬಾಯಿ ತೆರೆದರೆ, “ನಂಗೆ ನಾಲ್ಕು ಕಾಲಿಲ್ಲ, ಸುಮ್ಮನಿರಿ” ಎನ್ನುತ್ತಾಳೆ. ಆದರೆ ಗೋಡೆಯಾಚೆಯ ಮನೆಯ ಮಹಬೂಬ್ ಸಾಬ್ರಿಗೆ ನನ್ನ ಮೇಲೆ ಅಪಾರ ನಂಬಿಕೆ. ಸಾಬ್ರು ದರ್ಜಿ. ಊರಿನ ಅರ್ಧ ಮದುವೆ ಗಂಡುಗಳ ಕೋಟು ಅವರ ಕೈಯಲ್ಲೇ ಆದದ್ದು. ಇಪ್ಪತ್ತೆರಡು ವರ್ಷದಿಂದ ನಾವು ಅಕ್ಕಪಕ್ಕ. ಸಂಜೆ ಐದಕ್ಕೆ ಅವರು ಮಷೀನು ನಿಲ್ಲಿಸಿ ನಮ್ಮ ಜಗುಲಿಗೆ ಬರುತ್ತಾರೆ, ಇಬ್ಬರೂ ಚಹಾ ಕುಡಿಯುತ್ತೇವೆ, ಹೆಚ್ಚು ಮಾತಾಡುವುದಿಲ್ಲ. ನಾನು ರಸ್ತೆ ನೋಡುತ್ತೇನೆ, ಅವರು ಹೋಗಿ ಬರುವವರ ಷರಟಿನ ಕಾಲರ್ ನೋಡುತ್ತಾರೆ. “ಡಾಕ್ಟ್ರೇ, ಅದು ನನ್ನ ಹೊಲಿಗೆ ಅಲ್ಲ ನೋಡ್ರಿ,” ಎಂದು ಆಗಾಗ ಸಮಾಧಾನ ಪಟ್ಟುಕೊಳ್ಳುತ್ತಾರೆ.

ಈ ಸಾಬ್ರ ಎದೆಗೆ ಹೋದ ಮಾಘದಲ್ಲಿ ತೊಂದರೆ ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಎದೆ ತೆರೆದು ಆಪರೇಷನ್ ಮಾಡಬೇಕೆಂದರು. ಆಮೇಲೂ ಮೂರು ವಾರ ಅಲ್ಲೇ ಮಗಳು ಶಬಾನಾಳ ಮನೆಯಲ್ಲಿರಬೇಕು. ಹೊರಡುವ ಹಿಂದಿನ ದಿನ ಅವರು ನಮ್ಮ ಮನೆಗೆ ಬಂದು, ಆಪರೇಷನ್ ವಿಷಯ ಒಂದು ಮಾತೂ ಎತ್ತದೆ, “ಜರಿ, ಮಖಮಲ್ ಇಬ್ಬರನ್ನೂ ನಿಮಗೆ ಬಿಟ್ಟು ಹೋಗ್ತಾ ಇದೀನಿ,” ಎಂದರು. ಜರಿ ಮತ್ತು ಮಖಮಲ್ ಅವರ ಗಾಜಿನ ತೊಟ್ಟಿಯಲ್ಲಿರುವ ಎರಡು ಗೋಲ್ಡ್‌ಫಿಶ್‌ಗಳು. ಜರಿ ತೆಳ್ಳಗೆ, ಹೊಳಪಿನ ಹೊನ್ನಿನ ಬಣ್ಣ. ಮಖಮಲ್ ದುಂಡಗೆ, ಗಾಢ ಕೆಂಪು. ಸಾಬ್ರ ಹೆಂಡತಿ ತೀರಿಕೊಂಡ ವರ್ಷ ತಂದ ಮೀನುಗಳು. “ಬೇರೆ ಯಾರಿಗೂ ಕೊಡಲ್ಲ ಡಾಕ್ಟ್ರೇ. ನೀವು ಅಂದ್ರೆ ಪ್ರಾಣಿ ತಿಳಿದೋರು. ನಾನು ವಾಪಸ್ ಬಂದಾಗ ಇಬ್ಬರೂ ಇರಬೇಕು,” ಎಂದರು. ‘ನಾನು ವಾಪಸ್ ಬಂದಾಗ’ ಎನ್ನುವಾಗ ಅವರ ದನಿ ಒಂಚೂರು ತಡವರಿಸಿತು. ಅಂಥ ಹೊತ್ತಿನಲ್ಲಿ ನಾನು ಡಾಕ್ಟರಾಗಿಬಿಡುತ್ತೇನೆ. “ಏನೂ ಯೋಚನೆ ಮಾಡ್ಬ್ಯಾಡ್ರಿ ಸಾಬ್ರೇ, ನಾನು ಸಾವಿರಾರು ಕುರಿ ಉಳಿಸಿದೋನು, ಎರಡು ಮೀನು ಯಾವ ಲೆಕ್ಕ?” ಎಂದುಬಿಟ್ಟೆ.

ತೊಟ್ಟಿಯ ನೀರು ಬಸಿದು, ಅದನ್ನು ನಾನು, ಗಿರಿಜ ಹೊತ್ತು ತಂದು ನಮ್ಮ ಹಜಾರದಲ್ಲಿಟ್ಟೆವು. ಮೀನುಗಳು ಮಾತ್ರ ಸಾಬ್ರ ಮನೆಯ ಬಿರಿಯಾನಿ ಪಾತ್ರೆಯಲ್ಲಿ ಕೂತು ಬಂದವು. ಆ ಪಾತ್ರೆಯೊಳಗೆ ಹೋಗಿ ಜೀವಂತ ಹೊರಬಂದ ಮೊದಲ ಪ್ರಾಣಿಗಳು ಅವೇ ಇರಬೇಕು. ಆಪರೇಷನ್ ಚೆನ್ನಾಗಿ ಆಯಿತೆಂದು ಶಬಾನಾ ಫೋನ್ ಮಾಡಿದ ದಿನ ನಾನು ಮೀನುಗಳಿಗೆ ಎರಡು ಕಾಳು ಜಾಸ್ತಿ ಹಾಕಿದೆ. ಅವಳು ಒಂದು ಮಾತನ್ನು ಒತ್ತಿ ಹೇಳಿದ್ದಳು: “ಮಾಮ, ಅಬ್ಬಾಗೆ ಫಿಕರ್ ಆಗೋ ಸುದ್ದಿ ಏನೂ ಕೊಡಬ್ಯಾಡ್ರಿ ಅಂತ ಡಾಕ್ಟ್ರು ಹೇಳಿದಾರೆ. ದಿನಾ ಸಾಯಂಕಾಲ ಐದಕ್ಕೆ ವಿಡಿಯೋ ಕಾಲ್ ಮಾಡ್ತೀನಿ, ಮೀನು ತೋರಿಸ್ರಿ ಸಾಕು.” ಹೀಗೆ ನಮ್ಮ ಐದು ಗಂಟೆಯ ಚಹಾ ಫೋನಿಗೆ ವರ್ಗವಾಯಿತು. ಅವರು ಅಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿಯುವರು, ನಾನು ಇಲ್ಲಿ ಕುಡಿಯುವೆನು, ನಡುವೆ ಜರಿ ಮತ್ತು ಮಖಮಲ್ ಓಡಾಡುವರು.

ಶಿವರಾತ್ರಿ ಕಳೆದ ನಾಲ್ಕನೇ ದಿನ ಬೆಳಿಗ್ಗೆ ಕಾಳು ಹಾಕಲು ಹೋದವನು ಜರಿಯ ಕೆನ್ನೆ ನೋಡಿ ನಿಂತುಬಿಟ್ಟೆ. ಕಿವಿರು ಮುಚ್ಚುವ ಆ ಭಾಗದ ಮೇಲೆ ಬಿಳಿ ಚುಕ್ಕಿಗಳು, ರವೆ ಅಂಟಿದ ಹಾಗೆ. ಎರಡೂ ಕೆನ್ನೆಯ ಮೇಲೆ. ಮುಂದಿನ ರೆಕ್ಕೆಯ ಅಂಚಿನಲ್ಲೂ ಸಾಲಾಗಿ ಐದಾರು. ಮೀನಿಗೆ ಬಿಳಿ ಚುಕ್ಕಿ ರೋಗ ಎಂದೊಂದು ಬರುತ್ತದೆಂದು, ಅದು ಬಂದರೆ ತೊಟ್ಟಿಗೆ ತೊಟ್ಟಿಯೇ ಖಾಲಿಯಾಗುತ್ತದೆಂದು ಎಲ್ಲೋ ಓದಿದ್ದೆ. ಓದಿದ್ದು ಅಷ್ಟೇ. ಉಳಿದದ್ದನ್ನು ಅನುಭವದಿಂದ ತುಂಬಿಕೊಂಡೆ, ಅನುಭವ ಕುರಿಯದು.

ಕುರಿಯ ವಿಷಯದಲ್ಲಿ ಮೊದಲ ನಿಯಮ, ರೋಗ ಬಂದದ್ದನ್ನು ಮಂದೆಯಿಂದ ಬೇರೆ ಕಟ್ಟುವುದು. ಜರಿಯನ್ನು ಬಿಳಿಯ ಪ್ಲಾಸ್ಟಿಕ್ ಬಕೆಟ್ಟಿಗೆ ವರ್ಗ ಮಾಡಿದೆ. ಎರಡನೇ ನಿಯಮ, ಜ್ವರ ನೋಡುವುದು. ಕುರಿಗೆ ಥರ್ಮಾಮೀಟರನ್ನು ಎಲ್ಲಿ ಇಡುತ್ತೇವೆಂದು ನಿಮಗೆ ಗೊತ್ತಿರಬಹುದು. ಜರಿಯನ್ನು ಅಂಗೈಯಲ್ಲಿ ಹಿಡಿದು ಒಂದು ಕ್ಷಣ ಯೋಚಿಸಿದೆ, ಅವನ ಮುಖ ನೋಡಿ ಬಿಟ್ಟುಬಿಟ್ಟೆ. ಮೂರನೇ ನಿಯಮ, ಹಿಕ್ಕೆ ನೋಡುವುದು. ಭೂತಗನ್ನಡಿ ಹಿಡಿದು ಬಕೆಟ್ಟಿನ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತೆ. ಗಿರಿಜ ಬಂದು, “ಏನು ನೋಡ್ತಾ ಇದೀರಿ?” ಎಂದಳು. ಹೇಳಿದೆ. “ಪೆನ್ಷನ್ ಬಂದ ಮೇಲೆ ಕೆಲವರು ಕಾಶಿಗೆ ಹೋಗ್ತಾರೆ,” ಎಂದು ಒಳಗೆ ಹೋದಳು. ನಾಲ್ಕನೇ ನಿಯಮ, ತೂಕ. ಕುರಿಗೆ ಔಷಧಿ ಕೊಡುವುದು ಮೈತೂಕ ನೋಡಿ. ಅಡುಗೆಮನೆಯಲ್ಲಿ ಮಸಾಲೆ ತೂಗುವ ಪುಟ್ಟ ತಕ್ಕಡಿ ಇತ್ತು. ಒಂದು ಬಟ್ಟಲು ನೀರನ್ನು ಮೀನಿಲ್ಲದೆ ತೂಗಿ, ಆಮೇಲೆ ಮೀನಿನೊಂದಿಗೆ ತೂಗಿ, ಕಳೆದೆ. ಜರಿ ಒಂದು ಮುಷ್ಟಿ ಕೊತ್ತಂಬರಿ ಬೀಜಕ್ಕಿಂತ ಹಗುರ ಬಂದ. ಆ ತಕ್ಕಡಿಯನ್ನು ಗಿರಿಜ ಮೂರು ಸಲ ತೊಳೆದಳು, ಮೂರು ಸಲವೂ ಬೈದಳು.

ತೂಕ ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ದುರ್ಗಕ್ಕೆ ಹೋದೆ. ಅಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದಿದೆ. ಅಂಗಡಿಯಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸು ನನ್ನ ಮಾತು ಕೇಳಿ, “ಚುಕ್ಕಿ ಎಲ್ಲೆಲ್ಲಿ ಅವೆ ಸಾರ್? ಮೈ ತುಂಬಾ ಅವಾ, ಇಲ್ಲಾ ಕೆನ್ನೆ ಮೇಲೆ ಮಾತ್ರಾನಾ?” ಎಂದಳು. ಓದುಗರೇ, ಈ ಪ್ರಬಂಧ ಇಲ್ಲೇ ಮುಗಿಯಬಹುದಿತ್ತು. ಆಕೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಸಾಕಿತ್ತು. ಆದರೆ ಮೂವತ್ತೊಂದು ವರ್ಷ ಪ್ರಶ್ನೆ ಕೇಳಿದವನಿಗೆ ಪ್ರಶ್ನೆ ಕೇಳಿಸಿಕೊಳ್ಳುವುದು ಒಗ್ಗುವುದಿಲ್ಲ. “ಬಿಳಿ ಚುಕ್ಕಿ ರೋಗನೇ ಕಣಮ್ಮ, ನಾನು ನೋಡಿದೀನಿ. ನಾನೂ ಡಾಕ್ಟ್ರೇ,” ಎಂದೆ. ಆಕೆ ತಟ್ಟನೆ ಎದ್ದು ನಿಂತಳು. “ಹೌದಾ ಸಾರ್, ಹಂಗಾದ್ರೆ ನಿಮಗೆ ನಾನೇನು ಹೇಳ್ಲಿ,” ಎಂದು ನೀಲಿ ಔಷಧಿಯ ಪುಟ್ಟ ಬಾಟಲಿ ಕೊಟ್ಟಳು. ಜೇಬಿನಿಂದ ಚೀಟಿ ತೆಗೆದು, “ಇಷ್ಟು ತೂಕದ ಮೀನಿಗೆ ಎಷ್ಟು ಹನಿ?” ಎಂದೆ. ಆಕೆ ಚೀಟಿಯನ್ನೂ ನನ್ನನ್ನೂ ನೋಡಿ ಮೆಲ್ಲಗೆ, “ತೂಕ ಬ್ಯಾಡ ಸಾರ್. ಔಷಧಿ ಮೀನಿಗಲ್ಲ, ನೀರಿಗೆ. ಎಷ್ಟು ಲೀಟರ್ ನೀರೈತೆ ಅಂತ ಹೇಳ್ರಿ. ಜತೆಗೆ ಒಂಚೂರು ಕಲ್ಲುಪ್ಪು ಹಾಕ್ರಿ, ಒಂಚೂರೇ,” ಎಂದಳು. ಡಾಕ್ಟರಿಗೆ ಇದೂ ಗೊತ್ತಿಲ್ಲವೇ ಎಂದು ಕೇಳದೇ ಬಿಟ್ಟದ್ದು ಆಕೆಯ ದೊಡ್ಡತನ.

ಆ ನೀಲಿ ಔಷಧಿ ಸಾಮಾನ್ಯದ್ದಲ್ಲ. ಬಾಟಲಿಯ ಮುಚ್ಚಳ ತಿರುಗಿಸುವಾಗಲೇ ಅರ್ಧ ನನ್ನ ಕೈಮೇಲೆ ಚೆಲ್ಲಿತು. ಬಿಳಿ ಬಕೆಟ್ಟು ಅವತ್ತೇ ನೀಲಿಯಾಗಿ ಆ ಬಣ್ಣದಲ್ಲೇ ಉಳಿಯಿತು. ನನ್ನ ಹತ್ತೂ ಬೆರಳು, ಅದರಲ್ಲೂ ಉಗುರುಗಳು, ಶಾಯಿಯಲ್ಲಿ ಅದ್ದಿದಂತಾದವು. ಸೋಪು, ಹುಣಸೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ. “ಕುರಿಗೆ ನೀಲಿ ನಾಲಿಗೆ ರೋಗ ಅಂತ ಊರೂರು ಸುತ್ತಿದ್ರಿ, ಈಗ ನಿಮಗೇ ನೀಲಿ ಬೆರಳು ರೋಗ ಬಂತು,” ಎಂದಳು ಗಿರಿಜ.

ಇನ್ನು ಐದು ಗಂಟೆಯ ಸಮಸ್ಯೆ. ಸಾಬ್ರು ಇಬ್ಬರನ್ನೂ ನೋಡಬೇಕು. ಮಖಮಲ್ ಒಬ್ಬಳೇ ಇದ್ದರೆ ಕೇಳದೆ ಬಿಡುವವರಲ್ಲ. ಹಾಗಾಗಿ ದಿನಾ ಕಾಲು ಗಂಟೆ ಮುಂಚೆ ಜರಿಯನ್ನು ಲೋಟದಲ್ಲಿ ಎತ್ತಿ ತೊಟ್ಟಿಗೆ ಬಿಡುವುದು, ಕರೆ ಮುಗಿದ ಕೂಡಲೇ ಹಿಡಿದು ಬಕೆಟ್ಟಿಗೆ ಹಾಕುವುದು. ತೊಟ್ಟಿಗೆ ಬಿಟ್ಟ ಕೂಡಲೇ ಅವನು ಹುಚ್ಚು ಹಿಡಿದವನಂತೆ ಮಖಮಲ್ ಹಿಂದೆ ಸುತ್ತು ಸುತ್ತು ಓಡುವನು, ಅವಳ ಹೊಟ್ಟೆಗೆ ಮೂತಿಯಿಂದ ಗುದ್ದುವನು. ಕುರಿಗಳಿಗೆ ಮಿದುಳಿಗೆ ಹುಳು ಸೇರಿ ಗಿರಕಿ ಹೊಡೆಯುವ ಒಂದು ರೋಗವುಂಟು. ಅದೂ ಇವನಿಗೆ ಸೇರಿಕೊಂಡಿತೆಂದು ತೀರ್ಮಾನಿಸಿದೆ. ಫೋನಿನಲ್ಲಿ ಸಾಬ್ರು ಮಾತ್ರ, “ಅರೆ, ಜರಿ ಏನು ಚಾಲಾಕ್ ಆಗಿದಾನೆ ಡಾಕ್ಟ್ರೇ! ನಿಮ್ಮ ಕೈಗುಣ,” ಎನ್ನುತ್ತಿದ್ದರು. ಪಾಪ, ಎದೆ ಸೀಳಿಸಿಕೊಂಡ ಮನುಷ್ಯ, ಇವನ ಕೊನೆಗಾಲದ ಒದ್ದಾಟವನ್ನು ಚಾಲಾಕು ಎಂದುಕೊಂಡಿದ್ದಾನಲ್ಲ ಎಂದು ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಚುಕ್ಕಿ ಕಾಣದಿರಲಿ ಎಂದು ನಾನು ನೀಲಿ ಬೆರಳನ್ನು ಅಡ್ಡ ಹಿಡಿದು, “ನೋಡ್ರಿ, ಇಲ್ಲಿ ನೋಡ್ರಿ,” ಎಂದು ಬಾಲದ ಕಡೆ ತೋರಿಸುತ್ತಿದ್ದೆ.

ಎರಡು ಮೂರು ದಿನದಲ್ಲಿ ಸಾಬ್ರ ಮಾತಿನ ದಾರಿ ಬದಲಾಯಿತು. ಮೀನು ನೋಡುತ್ತ ನೋಡುತ್ತ ಥಟ್ಟನೆ, “ಡಾಕ್ಟ್ರೇ, ಊಟ ಸೇರ್ತೈತಾ?” ಎನ್ನುವರು. “ಮೀನಿಗಾ?” ಎಂದರೆ “ನಿಮಗೆ” ಎನ್ನುವರು. ಇನ್ನೊಂದು ದಿನ, “ಮಹಡಿ ಮೆಟ್ಲು ಹತ್ತಿದ್ರೆ ಏದುಸಿರು ಬರ್ತೈತಾ?” ಎಂದರು. ಎದೆಯ ರೋಗಿಗಳ ನಡುವೆ ಇದ್ದು ಇದ್ದು ಅದೇ ಮಾತು ಬಾಯಿಗೆ ಬರುತ್ತದೆಂದುಕೊಂಡು, ನಾನು ನಕ್ಕು ತೇಲಿಸಿಬಿಟ್ಟೆ. ನಗು ಸರಿಯಾಗಿ ಬರಲಿಲ್ಲ. ಆ ದಿನಗಳಲ್ಲಿ ನನಗೆ ನಿಜಕ್ಕೂ ಊಟ ಸೇರುತ್ತಿರಲಿಲ್ಲ. ಮುದ್ದೆ ಅರ್ಧಕ್ಕೇ ಬಿಟ್ಟೇಳುತ್ತಿದ್ದೆ.

ಔಷಧಿ ಶುರುಮಾಡಿ ಐದು ದಿನವಾದರೂ ಚುಕ್ಕಿ ಹೋಗಲಿಲ್ಲ. ಕುರಿಗೆ ಒಂದು ಸಲಕ್ಕೆ ಜಗ್ಗದಿದ್ದರೆ ಎರಡನೇ ಸಲ ಬಿಗಿಯಾಗಿ ಕೊಡುತ್ತೇವೆ. ‘ಒಂಚೂರೇ’ ಎಂದಿದ್ದ ಕಲ್ಲುಪ್ಪನ್ನು ನಾನು ಎರಡು ಮುಷ್ಟಿ ಮಾಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಜರಿ ಬಕೆಟ್ಟಿನಲ್ಲಿ ಮಗ್ಗುಲಾಗಿ ತೇಲುತ್ತಿದ್ದ. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ‘ನಾನು ವಾಪಸ್ ಬಂದಾಗ ಇಬ್ಬರೂ ಇರಬೇಕು’ ಎಂದ ಆ ದನಿ ಕಿವಿಯಲ್ಲಿ ನಿಂತುಬಿಟ್ಟಿತು. ಮೀನು ಸತ್ತರೆ ಸಾಬ್ರಿಗೂ ಏನಾದರೂ ಆಗಿಬಿಡುತ್ತದೆಂದು, ಮೂವತ್ತೊಂದು ವರ್ಷ ಮಾಟ ಮಂತ್ರ ನಂಬಬೇಡಿರೆಂದು ಕುರಿಗಾಹಿಗಳಿಗೆ ಭಾಷಣ ಮಾಡಿದ ನಾನು, ಪೂರ್ತಿಯಾಗಿ ನಂಬಿಬಿಟ್ಟೆ. ಬಕೆಟ್ಟಿನ ಪಕ್ಕ ನೆಲದಲ್ಲೇ ಕೂತು ಅತ್ತೆ. ಗಿರಿಜ ಆವತ್ತು ಒಂದು ಮಾತೂ ಚುಚ್ಚಲಿಲ್ಲ. ಹಿಂದಿನ ದಿನ ಹಂಡೆಯಲ್ಲಿ ತುಂಬಿಟ್ಟಿದ್ದ ನೀರನ್ನು ಬಿರಿಯಾನಿ ಪಾತ್ರೆಗೆ ಸುರಿದು, ಜರಿಯನ್ನು ಎರಡು ಕೈಯಲ್ಲೂ ಎತ್ತಿ ಅದರಲ್ಲಿ ಬಿಟ್ಟಳು. ಆಮೇಲೆ ಒಂದು ಚೊಂಬು ತಗೊಂಡು, ನೀರೆತ್ತಿ ಎತ್ತರದಿಂದ ಅದೇ ಪಾತ್ರೆಗೆ ಹುಯ್ಯುತ್ತ ಕೂತಳು, ಗಾಳಿ ಸೇರಲಿ ಎಂದು. ಅವಳ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವಳು. ಮಧ್ಯಾಹ್ನದ ಹೊತ್ತಿಗೆ ಜರಿ ನೆಟ್ಟಗಾದ, ನಿಧಾನವಾಗಿ ಬಾಲ ಆಡಿಸಿದ. ಆವತ್ತು ಸಂಜೆ ಫೋನ್ ಬಂದಾಗ ನನಗೆ ಸಾಬ್ರ ಮುಖ ನೋಡುವ ಧೈರ್ಯವಾಗಲಿಲ್ಲ. “ಹಲೋ, ಹಲೋ, ನೆಟ್‌ವರ್ಕ್ ಇಲ್ಲ ಸಾಬ್ರೇ, ನಾಳೆ...” ಎಂದು ಕಟ್ ಮಾಡಿದೆ. ಅಂಥ ಸುಳ್ಳು ನಾನು ಮೇಲಧಿಕಾರಿಗಳಿಗೆ ಮಾತ್ರ ಹೇಳಿದ್ದವನು.

ಮರುದಿನ ನಾಲ್ಕು ಗಂಟೆಗೆ ಯಲ್ಲದಕೆರೆಯ ಚಿತ್ತಯ್ಯ ಬಂದ. ಎಪ್ಪತ್ತರ ಕುರಿಗಾಹಿ. ನಾನು ನಿವೃತ್ತನಾಗಿ ಆರು ವರ್ಷವಾದರೂ ಮರಿಗಳಿಗೆ ಜಂತಿನ ಔಷಧಿ ಯಾವಾಗ ಕುಡಿಸಲಿ ಎಂದು ಕೇಳಲು ಬಸ್ಸು ಹತ್ತಿ ಬರುತ್ತಾನೆ. ಉತ್ತರ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬರುವುದು ಚಹಾಕ್ಕೆ ಮತ್ತು ಮಾತಿಗೆ. ಕಂಬಳಿ ಮಡಿಸಿ ನೆಲದ ಮೇಲಿಟ್ಟು ತೊಟ್ಟಿಯ ಮುಂದೆ ಕೂತ. “ಇದೇನ್ ಸಾ, ಮೀನ್ ಸಾಕೀರಾ?” ಎಂದ. ನಾನು ಎಲ್ಲವನ್ನೂ ಹೇಳಿಕೊಂಡೆ. ಯಾರ ಮುಂದಾದರೂ ಹೇಳಿಕೊಳ್ಳಬೇಕಿತ್ತು. ಚುಕ್ಕಿ, ಗಿರಕಿ, ಉಪ್ಪು, ಸಾಬ್ರ ಎದೆ, ಇವತ್ತು ಐದಕ್ಕೆ ನಿಜ ಹೇಳಿಬಿಡಬೇಕೆಂದು ಮಾಡಿದ ತೀರ್ಮಾನ. ಹೇಳುತ್ತಲೇ ಜರಿಯನ್ನು ಲೋಟದಲ್ಲಿ ಎತ್ತಿ ತೊಟ್ಟಿಗೆ ಬಿಟ್ಟೆ. ಒಂದು ನಿಮಿಷ ಸುಮ್ಮನಿದ್ದವನು ಮತ್ತೆ ಮಖಮಲ್ ಹಿಂದೆ ಓಡತೊಡಗಿದ. ಗುದ್ದಿದ. ತಿರುಗಿದ. ಮತ್ತೆ ಗುದ್ದಿದ.

ಚಿತ್ತಯ್ಯ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡಿದ. ಸ್ವಲ್ಪ ಹೊತ್ತಿಗೆ ಅವನ ಮೀಸೆಯ ತುದಿ ಅಲುಗಾಡಿತು.

“ಸಾ, ಇದಕ್ಕೇನೂ ಆಗಿಲ್ಲ ಬಿಡ್ರಿ.”

“ಮತ್ತೆ ಆ ಓಟ?”

“ಟಗರಿಗೆ ಮದ ಬಂದೈತೆ.”

ನಾನು ತೊಟ್ಟಿ ನೋಡಿದೆ. ಅವನು ಮುಂದುವರಿಸಿದ: “ಆಯಮ್ಮನ್ನ ನೋಡ್ರಿ, ಹೊಟ್ಟೆ ದುಂಡಗೈತೆ. ಇವನು ಅವಳ ಹಿಂದೆ ಬಿಟ್ಟು ಬೇರೆ ಕಡೆ ಹೋಗ್ತಾ ಇಲ್ಲ. ರೋಗದ್ದಾದ್ರೆ ಮೂಲೆ ಹಿಡ್ಕಂಡು ನಿಲ್ತಿತ್ತು.”

“ಚುಕ್ಕಿ, ಚಿತ್ತಯ್ಯ, ಚುಕ್ಕಿ!”

“ಮೈ ಮೇಲೆ ಎಲ್ಲಾದ್ರೂ ಐತಾ? ಎರಡೂ ಕೆನ್ನೆಗೆ ಸಮ ಸಮ ಐತೆ. ರೋಗ ಹಂಗೆ ಅಳತೆ ನೋಡಿ ಬರ್ತೈತಾ ಸಾ? ಕೊಂಬು ಮೂಡ್ತಾ ಐತೆ ಅಂತ ತಿಳ್ಕಳ್ರಿ. ನೀರಾಗಿರೋ ಟಗರಿಗೆ ಅಷ್ಟೇ ಕೊಂಬು.” ಆಮೇಲೆ ಬಹಳ ಸಂಕೋಚದಿಂದ, “ನೀವೇ ಅಲ್ವಾ ಸಾ ನಂಗೆ ಹೇಳ್ಕೊಟ್ಟಿದ್ದು, ಮೊದ್ಲು ದೂರ ನಿಂತು ನೋಡೋ, ಗುಂಪಿನಿಂದ ಬಿಟ್ಟು ನಿಂತಿರೋದು ಯಾವ್ದು, ಮೇವು ಮೂಸಿ ಬಿಡೋದು ಯಾವ್ದು ಅಂತ. ಇವನು ಎರಡೂ ಮಾಡ್ತಿಲ್ವಲ್ಲ,” ಎಂದ.

ಸಾವಿರಾರು ಟಗರುಗಳ ಮದ ನೋಡಿ, ಇದು ಹೆಣ್ಣಿಗೆ ಬಿಡಲಿಕ್ಕೆ ಬಂತು ನೋಡು ಎಂದು ದೂರದಿಂದಲೇ ಹೇಳುತ್ತಿದ್ದವನು ನಾನು. ಪ್ರೇಮಕ್ಕೆ ಬಿದ್ದ ಒಂದು ಮೀನನ್ನು ಹಿಡಿದು ಬಕೆಟ್ಟಿಗೆ ಹಾಕಿ, ನೀಲಿ ಬಳಿದು, ಉಪ್ಪಿನಕಾಯಿ ಮಾಡಲು ಹೊರಟಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎದೆಯ ಮೇಲಿನ ಗುಂಡುಕಲ್ಲು ಇಳಿದ ಹಾಗೆ ಹಗುರವಾಯಿತು. ಚಿತ್ತಯ್ಯನ ಕೈ ಹಿಡಿದುಕೊಂಡೆ. ಅವನು ನನ್ನ ನೀಲಿ ಬೆರಳು ನೋಡಿ ಗಾಬರಿಯಿಂದ ಕೈ ಹಿಂದೆಳೆದುಕೊಂಡ.

ಅಷ್ಟರಲ್ಲಿ ಫೋನ್ ಬಂತು. ಉತ್ಸಾಹದಿಂದ ತೊಟ್ಟಿಯ ಕಡೆ ತಿರುಗಿಸಲು ಹೋದರೆ ಸಾಬ್ರು ತಡೆದರು. “ಮೀನು ಇವತ್ತು ಬ್ಯಾಡ. ಡಾಕ್ಟ್ರೇ, ಕೈ ತೋರಿಸ್ರಿ.”

“ಯಾಕ್ರಿ?”

“ತೋರಿಸ್ರಿ ಅಂದೆ. ಎರಡೂ ಕೈ.”

ತೋರಿಸಿದೆ. ಅವರ ಮುಖ ಬಾಡಿಹೋಯಿತು. ಹಿಂದಿನಿಂದ ಶಬಾನಾಳ ದನಿ: “ಮಾಮ, ಅಬ್ಬಾಗೆ ಮೂರು ದಿನದಿಂದ ನಿಮ್ಮದೇ ಫಿಕರ್. ಊಟ ಬಿಟ್ಟಾರೆ, ಬಿಪಿ ಏರೈತೆ. ನಿನ್ನೆ ನೀವು ಫೋನ್ ಕಟ್ ಮಾಡಿದ ಮೇಲಂತೂ ಹಿರಿಯೂರಿಗೆ ಕರ್ಕೊಂಡು ಹೋಗು ಅಂತ ಹಟ ಹಿಡಿದಿದ್ರು.” ಸಾಬ್ರು ಫೋನನ್ನು ಹತ್ತಿರ ಹಿಡಿದು ಪಿಸುಮಾತಿನಲ್ಲಿ ಹೇಳಿದರು: “ವಾರ್ಡಲ್ಲಿ ನನ್ನ ಪಕ್ಕದ ಹಾಸಿಗೆಯವನಿಗೆ ಉಗುರು ನೀಲಿ ಆಗಿತ್ತು ಡಾಕ್ಟ್ರೇ. ಹಾರ್ಟಿಗೆ ಭಾಳ ತೊಂದ್ರೆ ಇದ್ರೆ ಹಂಗಾಗ್ತೈತಂತೆ. ನಿಮ್ಮದು ಅವನಿಗಿಂತ ಜಾಸ್ತಿ ಐತೆ. ಮುಖ ಇಳಿದೈತೆ, ಊಟ ಇಲ್ಲ, ನಗು ಇಲ್ಲ. ನಂಗೆ ಹೇಳಬಾರದು ಅಂತ ಮುಚ್ಚಿಡ್ತಾ ಇದೀರಿ. ನಂಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇಲ್ವಾ ನಿಮ್ಮನ್ನ?” ಅವರ ಕಣ್ಣಲ್ಲಿ ನೀರಿತ್ತು.

ಅವರ ಎದೆಗೆ ಫಿಕರ್ ಆಗಬಾರದೆಂದು ನಾನು ಮುಚ್ಚಿಟ್ಟ ಮೀನು, ಬೆರಳ ಬಣ್ಣವಾಗಿ ಅವರ ಎದೆಯನ್ನೇ ಕುಟುಕುತ್ತಿತ್ತು. ಇನ್ನು ತಡೆಯಲಿಲ್ಲ. ಚುಕ್ಕಿಯಿಂದ ಹಿಡಿದು ತಕ್ಕಡಿಯವರೆಗೆ, ಉಪ್ಪಿನಿಂದ ಚಿತ್ತಯ್ಯನ ಟಗರಿನವರೆಗೆ ಒಂದೇ ಉಸಿರಿಗೆ ಹೇಳಿದೆ. ಕೆಮ್ಮು ಬಂದಾಗ ಒತ್ತಿಹಿಡಿಯಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ದಿಂಬನ್ನು ಸಾಬ್ರು ಎದೆಗೆ ಅವುಚಿಕೊಂಡರು. ಭುಜ ಅಲುಗಾಡತೊಡಗಿತು. “ನಗಿಸಬ್ಯಾಡ್ರಿ ಡಾಕ್ಟ್ರೇ, ಹೊಲಿಗೆ ಬಿಚ್ತೈತೆ... ಇಲ್ಲಿಯೋರ ಹೊಲಿಗೆ ಮೇಲೆ ನಂಗೆ ಮೊದ್ಲೇ ನಂಬಿಕೆ ಇಲ್ಲ...” ಎನ್ನುತ್ತ ಕಣ್ಣೊರೆಸಿಕೊಂಡು ನಕ್ಕರು. ಉಸಿರು ತಿರುಗಿದ ಮೇಲೆ, “ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಜರಿಗೆ ಹಂಗೇ. ಒಂದು ತಿಂಗಳು, ಆಮೇಲೆ ಚುಕ್ಕಿ ತಾನೇ ಹೋಗ್ತವೆ. ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ?” ಎಂದರು. ಕೇಳಬಹುದಿತ್ತು. ಮೀನಿನ ಅಂಗಡಿಯವಳಿಗೆ ಉತ್ತರ ಕೊಡಬಹುದಿತ್ತು, ಮೀನಿನ ಯಜಮಾನನನ್ನು ಪ್ರಶ್ನೆ ಕೇಳಬಹುದಿತ್ತು. ಡಾಕ್ಟರು ಎರಡನ್ನೂ ಮಾಡುವುದಿಲ್ಲ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದೆ. ಗಿರಿಜ ಬಡಿಸುತ್ತ, “ಸಾಬ್ರು ಕಂಡಿದ್ದು ಪೂರ್ತಿ ಸುಳ್ಳೇನಲ್ಲ,” ಎಂದಳು. “ಊಟ ಅರ್ಧಕ್ಕೆ ಬಿಡೋಕೆ ಶುರು ಮಾಡಿದ್ದು ಚುಕ್ಕಿ ಕಂಡ ಮೇಲಲ್ಲ. ಅವರು ದಾವಣಗೆರೆ ಬಸ್ಸು ಹತ್ತಿದ ದಿನದಿಂದ. ಸಾಯಂಕಾಲ ಜಗುಲಿಗೂ ಹೋಗ್ತಿರಲಿಲ್ಲ ನೀವು.” ಗುಂಪಿನಿಂದ ಬಿಟ್ಟು ನಿಂತಿದ್ದವನು, ಮೇವು ಮೂಸಿ ಬಿಟ್ಟವನು ನಮ್ಮ ಮನೆಯಲ್ಲಿ ಒಬ್ಬನಿದ್ದ, ಅವನನ್ನು ಬಿಟ್ಟು ನಾನು ಮೀನನ್ನು ಹಿಡಿದಿದ್ದೆ. ಸಾಬ್ರ ಎದೆಗೆ ನಾನು ಏನೂ ಮಾಡುವ ಹಾಗಿರಲಿಲ್ಲ. ಅವರ ಮೀನಿಗೆ ಏನಾದರೂ ಮಾಡಬಹುದಿತ್ತು, ಅದಕ್ಕೇ ಅಷ್ಟೊಂದು ಮಾಡಿದೆ. ಪಾಪ, ಜರಿ ಸಹಿಸಿಕೊಂಡ.

ಯುಗಾದಿಗೆ ನಾಲ್ಕು ದಿನ ಮುಂಚೆ ಸಾಬ್ರು ಬಂದರು. ಆಟೋ ಇಳಿದು ತಮ್ಮ ಮನೆಯ ಬೀಗ ತೆಗೆಯದೆ ನೇರ ನಮ್ಮ ಹಜಾರಕ್ಕೆ. ತೊಟ್ಟಿಯಲ್ಲಿ ಜರಿ, ಮಖಮಲ್ ಇಬ್ಬರೂ ಇದ್ದರು, ಅವರತ್ತ ಒಂದು ಸಲ ನೋಡಿ ತಲೆಯಾಡಿಸಿದರು. ಆಮೇಲೆ ಜೇಬಿನಿಂದ ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ತೆಗೆದು ಹಾಕಿಕೊಂಡು, ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಒಂದೊಂದೇ ಉಗುರನ್ನು ನೋಡಿದರು. ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಬಂದಿತ್ತು, ನಡುವೆ ಬಣ್ಣ ಮಾಸಿತ್ತು, ತುದಿಯಲ್ಲಿ ಮಾತ್ರ ನೀಲಿ. “ಇನ್ನೂ ಒಂಚೂರು ಐತೆ,” ಎಂದರು. “ಕತ್ತರಿಸಿದ್ರೆ ಹೋಗ್ತೈತೆ ಬಿಡ್ರಿ,” ಎಂದೆ. ಇಬ್ಬರೂ ಜಗುಲಿಗೆ ಹೋಗಿ ಕೂತೆವು. ಗಿರಿಜ ಚಹಾ ತಂದಳು, ಅವರಿಗೆ ಸಕ್ಕರೆ ಇಲ್ಲದ್ದು, ನನಗೆ ಇದ್ದದ್ದು. ರಸ್ತೆಯಲ್ಲಿ ಯಾರೋ ಹೋಗುತ್ತ, “ನಮಸ್ಕಾರ ಡಾಕ್ಟ್ರೇ,” ಎಂದರು. ನಾನು ಸಾಬ್ರ ಕಡೆ ನೋಡಿದೆ. ನಮ್ಮಿಬ್ಬರಲ್ಲಿ ಸರಿಯಾಗಿ ರೋಗ ಕಂಡುಹಿಡಿದವರು, ಬಣ್ಣ ನೋಡಿ ತಪ್ಪು ತಿಳಿದರೂ, ಅವರೊಬ್ಬರೇ. ಆದರೂ ಅಭ್ಯಾಸ ಬಲ ನೋಡಿ, ‘ಏನಪ್ಪ’ ಎಂದು ಓಗೊಟ್ಟವನು ನಾನೇ.

ಇದನ್ನು ಬರೆಯುವಾಗಲೂ ನನ್ನ ಉಗುರಿನ ತುದಿಯಲ್ಲಿ ಆ ನೀಲಿ ಅಂಚು ಇದೆ. ಗಿರಿಜ ದಿನಾ ಕತ್ತರಿ ತಂದು ಮುಂದಿಡುತ್ತಾಳೆ, “ಅಸಹ್ಯ, ಕತ್ತರಿಸ್ರಿ,” ಎನ್ನುತ್ತಾಳೆ. ನಾಳೆ ಎನ್ನುತ್ತೇನೆ. ಈ ಬಣ್ಣ ನೋಡಿ ಎದೆಗೆ ಹೊಲಿಗೆ ಹಾಕಿಸಿಕೊಂಡ ಒಬ್ಬ ಮನುಷ್ಯ ಊಟ ಬಿಟ್ಟು ಕೂತಿದ್ದ. ಅದನ್ನು ಅಷ್ಟು ಬೇಗ ಕತ್ತರಿಸಿ ಎಸೆಯಲು ನನಗೆ ಮನಸ್ಸಾಗುತ್ತಿಲ್ಲ.